20 ಕುದುರೆ, 2 ನಿಮಿಷ: ಕೆಂಟಕಿ ಡರ್ಬಿ ಕಾಮೆಂಟೇಟರ್‌ಗೆ ಅಷ್ಟೂ ಹೆಸರು ಹೇಗೆ ನೆನಪಿರುತ್ತೆ?

ಪ್ರಶ್ನೆ: "ಯೂಟ್ಯೂಬ್‌ನಲ್ಲಿ ಅಮೆರಿಕದ ಕುದುರೆ ರೇಸ್ ಕೆಂಟಕಿ ಡರ್ಬಿ ನೋಡಿದೆ. 20 ಕುದುರೆ ಒಟ್ಟಿಗೆ ನುಗ್ಗುತ್ವೆ, ನಮಗೆ ಯಾವ್ದು ಯಾವ್ದು ಅಂತಾನೇ ಗೊತ್ತಾಗಲ್ಲ. ಆದ್ರೆ ಕಾಮೆಂಟೇಟರ್ ಪಟಪಟ ಅಂತ ಎಲ್ಲಾ ಹೆಸರು ಹೇಳ್ಕೊಂಡು ಹೋಗ್ತಾರೆ. ಅವ್ರ ಮುಂದೆ ಏನಾದ್ರೂ ಸ್ಕ್ರೀನ್ ಇರುತ್ತಾ? ಯಾರಾದ್ರೂ ಕಿವೀಲಿ ಹೇಳಿಕೊಡ್ತಾರಾ?"

ಯಾರೂ ಹೇಳಿಕೊಡಲ್ಲ. ಹೆಸರು ಓಡೋ ಸ್ಕ್ರೀನೂ ಇರಲ್ಲ. ಅಸಲಿಗೆ ಅವ್ರು ಕುದುರೆ ಮುಖ ನೋಡೋದೇ ಕಮ್ಮಿ, ನೋಡೋದು ಮೇಲೆ ಕೂತಿರೋ ಜಾಕಿಯ ಅಂಗಿ ಮತ್ತೆ ಟೋಪಿ.

ಯೋಚ್ನೆ ಮಾಡಿ, ರೇಸ್ ಕುದುರೆಗಳಲ್ಲಿ ಹೆಚ್ಚಿನವು ಕಂದು, ಕಡುಗಂದು, ಇಲ್ಲಾ ಕೆಂಗಂದು. ದೂರದಿಂದ ಬೈನಾಕ್ಯುಲರ್ ಹಾಕಿದ್ರೂ ಎಲ್ಲಾ ಒಂದೇ ಥರ ಕಾಣುತ್ವೆ. ಆದ್ರೆ ಪ್ರತಿ ಓನರ್‌ಗೂ ಅವರದ್ದೇ ಆದ ಬಣ್ಣ, ಡಿಸೈನ್ ಇರುತ್ತೆ, ಅವ್ರ ಕುದುರೆ ಮೇಲೆ ಕೂರೋ ಜಾಕಿ ಅದನ್ನೇ ಹಾಕ್ಬೇಕು. 1973ರಲ್ಲಿ ಸೆಕ್ರೆಟೇರಿಯಟ್ ಅನ್ನೋ ಕುದುರೆ ಓಡಿಸಿದ ಜಾಕಿ ರಾನ್ ಟರ್ಕಾಟ್ ಹಾಕಿದ್ದು ನೀಲಿ ಬಿಳಿ ಚೌಕಳಿ ಅಂಗಿ, ಹಳೇ ವಿಡಿಯೋ ಎಷ್ಟೇ ಮಸುಕಾಗಿದ್ರೂ ಅದು ಎದ್ದು ಕಾಣುತ್ತೆ. ಕಾಮೆಂಟೇಟರ್ ಮಾಡೋ ಕೆಲ್ಸ ಏನಂದ್ರೆ ಬಣ್ಣಕ್ಕೂ ಹೆಸರಿಗೂ ಗಂಟು ಹಾಕೋದು. ಬಣ್ಣ ಕಣ್ಣಿಗೆ ಬಿದ್ದ ತಕ್ಷಣ ಹೆಸರು ಬಾಯಿಗೆ ಬರ್ಬೇಕು, ನಡುವೆ ಯೋಚ್ನೆ ಮಾಡೋಕೆ ಟೈಮ್ ಇಲ್ಲ.

ಅದಕ್ಕೆ ಎಷ್ಟೋ ಜನ ಸ್ಕೆಚ್ ಪೆನ್ ಹಿಡ್ಕೊಂಡು ಕೂರ್ತಾರೆ. ರೇಸ್ ಕಾರ್ಡ್‌ನಲ್ಲಿ ಪ್ರತಿ ಕುದುರೆ ಹೆಸರಿನ ಪಕ್ಕ ಅದರ ಜಾಕಿ ಅಂಗಿ ಬಿಡಿಸಿ ಬಣ್ಣ ತುಂಬ್ತಾರೆ, ತೋಳಿಗೆ ಬೇರೆ ಬಣ್ಣ, ಟೋಪಿಗೆ ಬೇರೆ. ಸ್ಕೂಲ್ ಮಕ್ಕಳ ಡ್ರಾಯಿಂಗ್ ಕ್ಲಾಸ್ ಅಂತ ನಗ್ಬೇಡಿ, ಕೈಯಾರೆ ಬಣ್ಣ ತುಂಬಿದಾಗ್ಲೇ ಅರ್ಧ ತಲೆಗೆ ಹೋಗಿರುತ್ತೆ. ಆಮೇಲೆ ರೇಸ್‌ಗೆ ಮುಂಚೆ ಕುದುರೆಗಳು ಸ್ಟ್ಯಾಂಡ್ ಮುಂದೆ ನಿಧಾನಕ್ಕೆ ಮೆರವಣಿಗೆ ಥರ ಹೋಗುತ್ವಲ್ಲ, ಜನ ಎಲ್ಲ ಎದ್ದು ನಿಂತು ಹಾಡು ಹಾಡ್ತಿರ್ತಾರೆ, ಟೀವಿಯವ್ರು ಟೋಪಿ ಹಾಕಿರೋ ಹೆಂಗಸ್ರನ್ನ ತೋರಿಸ್ತಿರ್ತಾರೆ, ಆ ಟೈಮಲ್ಲಿ ಮೇಲೆ ಬೂತ್‌ನಲ್ಲಿರೋ ಮನುಷ್ಯ ಒಂದೊಂದೇ ಅಂಗಿ ಮೇಲೆ ಬೈನಾಕ್ಯುಲರ್ ಇಟ್ಟು ಹೆಸರು ಹೇಳ್ಕೊಳ್ತಾ ಇರ್ತಾರೆ, ಮತ್ತೆ ಮತ್ತೆ, ತಪ್ಪದೇ ಬರೋವರೆಗೂ. ಮಾಮೂಲಿ ದಿನ ಒಂದೇ ಮಧ್ಯಾಹ್ನ ಒಂಬತ್ತೋ ಹತ್ತೋ ರೇಸ್ ಇರುತ್ತೆ, ಒಂದು ಮುಗಿದ ತಕ್ಷಣ ಆ ಪಟ್ಟಿ ತಲೆಯಿಂದ ಒರೆಸಿ ಮುಂದಿನದ್ದು ತುಂಬ್ಕೋಬೇಕು. ಹಾಗಾಗಿ ಕಂಠಪಾಠಕ್ಕಿಂತ ಮರೆಯೋದೇ ದೊಡ್ಡ ವಿದ್ಯೆ ಅನ್ನಿ.

ಹಂಗಂದ್ರೆ ಡರ್ಬಿ ಯಾಕೆ ಅಷ್ಟು ಕಷ್ಟ? ಮೊದಲನೇದು ಸಂಖ್ಯೆ. ಅಮೆರಿಕದಲ್ಲಿ ಮಾಮೂಲಿ ರೇಸ್‌ಗೆ ಎಂಟೋ ಹತ್ತೋ ಕುದುರೆ, ಇಲ್ಲಿ 20. ಮೂರು ವರ್ಷದ ಕುದುರೆಗಳು ಮಾತ್ರ, ದೂರ ಒಂದೂಕಾಲು ಮೈಲಿ, ಅಂದ್ರೆ ಸುಮಾರು 2 ಕಿಲೋಮೀಟರ್, ಮುಗಿಯೋದು ಎರಡು ನಿಮಿಷದ ಆಸುಪಾಸಲ್ಲಿ. 1875ರಿಂದ ನಡೀತಿರೋ ಈ ರೇಸ್‌ನಲ್ಲಿ ಎರಡು ನಿಮಿಷದ ಒಳಗೆ ಗೆದ್ದಿದ್ದು ಎರಡೇ ಕುದುರೆ, 1973ರ ಸೆಕ್ರೆಟೇರಿಯಟ್ ಮತ್ತೆ 2001ರ ಮೊನಾರ್ಕೋಸ್. ಎರಡನೇದು ಮಳೆ. ಲೂಯಿವಿಲ್‌ನ ಚರ್ಚಿಲ್ ಡೌನ್ಸ್ ಟ್ರ್ಯಾಕ್ ಹುಲ್ಲಿಂದಲ್ಲ, ಮಣ್ಣಿಂದು, ಮೇ ತಿಂಗಳ ಮೊದಲ ಶನಿವಾರ ಅಲ್ಲಿ ಮಳೆ ಬಂದ್ರೆ ಕೆಸರೋ ಕೆಸರು. ಮುಂದಿನ ಕುದುರೆ ಕಾಲಿಂದ ಎದ್ದ ಕೆಸರು ಹಿಂದಿನ ಜಾಕಿ ಮೇಲೆ ಬಿದ್ದು ಅರ್ಧ ರೇಸ್ ಆಗೋಷ್ಟರಲ್ಲಿ ಹಸಿರು ಅಂಗಿ, ಬಿಳಿ ಅಂಗಿ ಎಲ್ಲ ಒಂದೇ ಬಣ್ಣ. ಜಸ್ಟಿಫೈ ಗೆದ್ದ 2018ರ ರೇಸ್ ಹಾಕ್ಕೊಂಡು ನೋಡಿ, ಗೊತ್ತಾಗುತ್ತೆ. ಇದರ ಜೊತೆ ಒಬ್ಬನೇ ಓನರ್‌ದು ಎರಡು ಕುದುರೆ ಇದ್ರೆ ಅಂಗಿ ಎರಡೂ ಒಂದೇ, ಟೋಪಿ ಬಣ್ಣ ಮಾತ್ರ ಬೇರೆ.

ಮೂರನೇದು, ನಾವು ಟೀವೀಲಿ ನೋಡೋರು ಅಂದಾಜೇ ಮಾಡದ ವಿಷ್ಯ. ಕಾಮೆಂಟೇಟರ್ ಬೂತ್ ಸ್ಟ್ಯಾಂಡ್‌ನ ಎತ್ತರದಲ್ಲಿರುತ್ತೆ. ಕುದುರೆಗಳು ಗೇಟ್ ಬಿಟ್ಟು ಮೊದಲು ಸ್ಟ್ಯಾಂಡ್ ಮುಂದೇನೇ ಹಾದು ಹೋಗುತ್ವೆ, ಆಮೇಲೆ ತಿರುಗಿ ಮೈದಾನದ ಆ ಕಡೆ ಹೋಗಿಬಿಡುತ್ವೆ, ಅಲ್ಲಿಂದ ಕಾಣೋದು ಪಕ್ಕದ ನೋಟ, ಒಳಗಡೆ ಓಡೋ ಕುದುರೆ ಹೊರಗಡೆ ಓಡೋದನ್ನ ಮುಚ್ಚುತ್ತೆ. ಆ ಕಡೆ ಇರುವಾಗ್ಲೇ ಕಾಮೆಂಟೇಟರ್ ಮೊದಲಿಂದ ಕೊನೇವರೆಗೂ ಒಂದು ಸಲ ಎಲ್ಲಾ ಹೆಸರು ಹೇಳಿ ಮುಗಿಸ್ತಾರೆ, ಮೇಷ್ಟ್ರು ಹಾಜರಿ ಕರೆದಂಗೆ. ಆದ್ರೆ 20 ಹೆಸರು ಹೇಳೋ ಅಷ್ಟರಲ್ಲಿ ಮೊದಲು ಹೇಳಿದ್ದು ಹಳೇದಾಗಿರುತ್ತೆ, ಮುಂದೆ ಇದ್ದದ್ದು ಹಿಂದೆ ಬಿದ್ದಿರುತ್ತೆ. ಕೊನೇ ತಿರುವಿಗೆ ಬಂದ ಮೇಲೆ ಹಿಂದಿನವನ್ನ ಬಿಟ್ಟು ಮುಂದಿನ ನಾಲ್ಕೈದರ ಮೇಲೆ ಕಣ್ಣು ಇಡಲೇಬೇಕು. ಅನಾಹುತ ಆಗೋದೆಲ್ಲ ಅಲ್ಲೇ.

2009 ತಗೊಳ್ಳಿ. ಮೈನ್ ದಟ್ ಬರ್ಡ್ ಅಂತ ಒಂದು ಕುದುರೆ, ಬೆಟ್ಟಿಂಗ್‌ನಲ್ಲಿ 50ಕ್ಕೆ 1 (1 ಡಾಲರ್ ಕಟ್ಟಿ ಗೆದ್ರೆ 50 ಲಾಭ, ಅಂದ್ರೆ ಇದು ಗೆಲ್ಲುತ್ತೆ ಅಂತ ನಂಬಿದೋರು ಕಮ್ಮಿ), ಮರಿಯಾಗಿದ್ದಾಗ 9,500 ಡಾಲರ್‌ಗೆ ಹರಾಜಾಗಿದ್ದು. ಶುರುವಲ್ಲಿ ಎಲ್ಲಕ್ಕಿಂತ ಕೊನೇಲಿ, ಅದೂ ತುಂಬಾ ಹಿಂದೆ. ಜಾಕಿ ಕ್ಯಾಲ್ವಿನ್ ಬೊರೆಲ್ ಅದನ್ನ ಒಳಗಿನ ಕಟಕಟೆಗೆ ಅಂಟಿಸ್ಕೊಂಡು, ಬೇರೆ ಕುದುರೆಗಳ ಮರೇಲಿ ಸಂದೀಲಿ ತೂರಿಸ್ಕೊಂಡು ಬಂದ್ಬಿಟ್ರು. ಟ್ರ್ಯಾಕ್ ಕೆಸರು ಬೇರೆ. ಅಮೆರಿಕದ ಟೀವಿ ಚಾನೆಲ್ ಎನ್‌ಬಿಸಿಗೆ ಕಾಮೆಂಟರಿ ಹೇಳ್ತಿದ್ದ ಟಾಮ್ ಡರ್ಕಿನ್ ಮುಂದೆ ಇದ್ದವರ ಹೆಸರೇ ಹೇಳ್ತಾ ಇದ್ದಾರೆ, ಅಷ್ಟರಲ್ಲಿ ಒಂದು ಕುದುರೆ ಒಳಗಿಂದ ನುಗ್ಗಿ ಎಲ್ಲರನ್ನೂ ಬಿಟ್ಟು ಹೋಗಿಯೇ ಬಿಡ್ತು, ಅದರ ಹೆಸರು ಅವರ ಬಾಯಿಗೆ ಬರೋ ಹೊತ್ತಿಗೆ ರೇಸ್ ಹೆಚ್ಚುಕಮ್ಮಿ ಕೈಬಿಟ್ಟಿತ್ತು. ಗೆದ್ದ ಅಂತರ ಆರೂಮುಕ್ಕಾಲು ಲೆಂತ್ (ಒಂದು ಲೆಂತ್ ಅಂದ್ರೆ ಒಂದು ಕುದುರೆಯ ಉದ್ದ). ಜನ ಆವತ್ತು ಡರ್ಕಿನ್‌ನ ಬೈದ್ರು. ನನ್ನ ಕೇಳಿದ್ರೆ ಅದು ಅನ್ಯಾಯ, ಯಾಕಂದ್ರೆ ಕೊನೇಲಿದ್ದ 50ಕ್ಕೆ 1 ಕುದುರೆ ಮೇಲೆ ಕಣ್ಣಿಟ್ಟು ಕೂತು ಮುಂದೆ ಇರೋವನ್ನ ಬಿಟ್ಟಿದ್ರೆ ಅದಕ್ಕೂ ಬೈತಿದ್ರು.

2022ರಲ್ಲಿ ಹೆಚ್ಚುಕಮ್ಮಿ ಅದೇ ಕಥೆ. ರಿಚ್ ಸ್ಟ್ರೈಕ್, 80ಕ್ಕೆ 1. ಈ ಕುದುರೆಗೆ ರೇಸ್‌ನಲ್ಲಿ ಜಾಗವೇ ಇರ್ಲಿಲ್ಲ, ಹಿಂದಿನ ದಿನ ಶುಕ್ರವಾರ ಬೇರೆ ಒಂದು ಕುದುರೆ ವಾಪಸ್ ತಗೊಂಡ್ರು ಅಂತ ಕೊನೇ ಗಳಿಗೇಲಿ ಒಳಗೆ ಬಂತು. ಅಂದ್ರೆ ಕಾಮೆಂಟೇಟರ್ ಲ್ಯಾರಿ ಕಾಲ್ಮಸ್ ರೇಸ್ ನಾಳೆ ಅನ್ನುವಾಗ ಪಟ್ಟಿ ತಿದ್ದಬೇಕಾಯ್ತು. ಕೊನೇ ನೇರ ಓಟದಲ್ಲಿ ಎಪಿಸೆಂಟರ್, ಝಾಂಡನ್ ಎರಡೂ ಪಕ್ಕ ಪಕ್ಕ ಜಟಾಪಟಿ, ಎಲ್ಲರ ಕಣ್ಣೂ ಅಲ್ಲೇ, ಒಳಗಿಂದ ರಿಚ್ ಸ್ಟ್ರೈಕ್ ಬಂತು. ಕಾಲ್ಮಸ್‌ಗೆ ಗೆರೆ ದಾಟೋಕೆ ಸ್ವಲ್ಪ ಮುಂಚೆ ಕಾಣಿಸ್ತು, ಹೆಸರು ಸರಿಯಾಗೇ ಹೇಳಿದ್ರು, ಆ ದನಿಯಲ್ಲಿರೋ ಆಶ್ಚರ್ಯ ನಟನೆ ಅಲ್ಲ. (ಗೆದ್ದ ಮೇಲೆ ಆ ಕುದುರೆ ಪಕ್ಕದಲ್ಲಿ ಬಂದ ಕುದುರೆಯನ್ನ ಕಚ್ಚೋಕೆ ಶುರು ಮಾಡಿದ್ದು ಲೈವ್ ಟೀವೀಲಿ ಬಂತು, ಅದು ಬೇರೆ ಮಜಾ.)

ಈ ತಪ್ಪುಗಳು ಇವತ್ತಿನವಲ್ಲ. 1947ರಲ್ಲಿ ಪ್ರೀಕ್‌ನೆಸ್ ಅನ್ನೋ ಇನ್ನೊಂದು ದೊಡ್ಡ ರೇಸ್‌ನಲ್ಲಿ, ಆಗ ರೇಡಿಯೋ ಕಾಲ, ಕ್ಲೆಮ್ ಮೆಕಾರ್ಥಿ ಅನ್ನೋ ದೊಡ್ಡ ಹೆಸರಿನ ಕಾಮೆಂಟೇಟರ್‌ಗೆ ತಿರುವಿನಲ್ಲಿ ಜನ ಅಡ್ಡ ಬಂದು ಒಂದೆರಡು ಕ್ಷಣ ಟ್ರ್ಯಾಕ್ ಕಾಣ್ಲಿಲ್ಲ, ಅಷ್ಟಕ್ಕೇ ಗೆದ್ದಿದ್ದು ಜೆಟ್ ಪೈಲಟ್ ಅಂತ ಇಡೀ ಅಮೆರಿಕಕ್ಕೆ ಹೇಳಿಬಿಟ್ರು. ನಿಜವಾಗಿ ಗೆದ್ದಿದ್ದು ಫಾಲ್ಟ್‌ಲೆಸ್. ಹೆಸರಿನ ಅರ್ಥವೇ ತಪ್ಪಿಲ್ಲದ್ದು ಅಂತ, ಪಾಪ. ಅಲ್ಲೇ ಮೈಕ್‌ನಲ್ಲೇ ತಿದ್ದಿಕೊಂಡ್ರು.

ಇನ್ನು ಟೀವಿ ವಿಷ್ಯ. ಡರ್ಬಿ ರೇಡಿಯೋಲಿ ಬಂದಿದ್ದು 1925ರಲ್ಲಿ, ಲೂಯಿವಿಲ್‌ನ ಲೋಕಲ್ ಟೀವೀಲಿ 1949ರಲ್ಲಿ, ದೇಶಕ್ಕೆಲ್ಲ ಲೈವ್ ಆಗಿ ಸಿಬಿಎಸ್‌ನಲ್ಲಿ 1952ರ ಮೇ 3ರಂದು. ಆವತ್ತು ಗೆದ್ದಿದ್ದು ಹಿಲ್ ಗೇಲ್. 1974ರವರೆಗೆ ಸಿಬಿಎಸ್, 1975ರಿಂದ 2000ದವರೆಗೆ ಎಬಿಸಿ, 2001ರಿಂದ ಎನ್‌ಬಿಸಿ. ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್ ಮೂರೂ ಗೆದ್ರೆ ಟ್ರಿಪಲ್ ಕ್ರೌನ್ ಅಂತಾರಲ್ಲ, ಮೂರೂ ಒಂದೇ ಚಾನೆಲ್‌ನಲ್ಲಿ ಇರ್ಬೇಕು ಅಂತೇನಿಲ್ಲ, 2023ರಿಂದ ಬೆಲ್ಮಾಂಟ್ ಫಾಕ್ಸ್ ಪಾಲಾಗಿದೆ. ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿರಲ್ಲ. ಡರ್ಬಿ ದಿನ ಟೀವೀಲಿ ಕೇಳೋ ದನಿ ಬೇರೆ, ಮೈದಾನದ ಸ್ಪೀಕರ್‌ನಲ್ಲಿ ಕೇಳೋ ದನಿ ಬೇರೆ. ಟೀವಿಗೆ 2011ರಿಂದ ಕಾಲ್ಮಸ್, ಮೈದಾನಕ್ಕೆ 2015ರಿಂದ ಟ್ರಾವಿಸ್ ಸ್ಟೋನ್. ಒಂದೇ ರೇಸ್, ಇಬ್ರು ಒಂದೇ ಹೊತ್ತಲ್ಲಿ ಹೇಳ್ತಿರ್ತಾರೆ. ಸ್ಟೋನ್ ಹೇಳಿದ್ದೂ ಹುಡುಕಿ ಕೇಳಿ, ನನಗೆ ಕೆಲವು ವರ್ಷ ಅದೇ ಜಾಸ್ತಿ ಹಿಡಿಸಿದೆ.

ಎಬಿಸಿ ಕಾಲದ ಬಹುಪಾಲು ಡೇವ್ ಜಾನ್ಸನ್. ಕೊನೇ ನೇರ ಓಟಕ್ಕೆ ಕುದುರೆಗಳು ಬಂದ್ವು ಅಂತ ಎಳೆದು ಹೇಳೋ ಒಂದು ಸಾಲಿತ್ತು, ಕುದುರೆ ರೇಸ್ ಅಂದ್ರೇನು ಅಂತ ಗೊತ್ತಿಲ್ದವ್ರಿಗೂ ಆ ಸಾಲು ಗೊತ್ತು. ಅದಕ್ಕೂ ಮುಂಚೆ ಚಿಕ್ ಆಂಡರ್ಸನ್. 1973ರ ಬೆಲ್ಮಾಂಟ್‌ನಲ್ಲಿ ಸೆಕ್ರೆಟೇರಿಯಟ್ 31 ಲೆಂತ್ ಅಂತರದಲ್ಲಿ ಗೆದ್ದಾಗ ಸಿಬಿಎಸ್‌ನಲ್ಲಿ ಅವರು, ಭಾರೀ ಯಂತ್ರದ ಥರ ಸಾಗ್ತಿದೆ ಅಂದ್ರು. ವಿಡಿಯೋ ನೋಡಿದ್ರೆ ಕ್ಯಾಮೆರಾದವ್ರಿಗೂ ಕಷ್ಟ, ಹಿಂದಿನ ಕುದುರೆ ಫ್ರೇಮ್‌ಗೆ ಸೇರಿಸೋಕೆ ದೂರ ದೂರ ಎಳೀತಾನೇ ಹೋಗ್ತಾರೆ. ಇಂಥ ಆಂಡರ್ಸನ್ನೇ ಎರಡು ವರ್ಷ ಆದ್ಮೇಲೆ 1975ರ ಡರ್ಬೀಲಿ, ಎಬಿಸಿಯ ಮೊದಲ ಡರ್ಬಿ ಅದು, ಫೂಲಿಶ್ ಪ್ಲೆಷರ್ ಬರ್ತಿದ್ರೆ ಪ್ರಿನ್ಸ್ ದೌ ಆರ್ಟ್ ಅಂತ ಹೇಳಿ ಆಮೇಲೆ ತಿದ್ದಿದ್ರು. ಎಂಥವರಿಗೂ ಬಿಡಲ್ಲ ಇದು.

ಭಯ ಅಂತೀರಾ? ಡರ್ಕಿನ್ 2001ರಿಂದ 2010ರವರೆಗೆ ಹತ್ತು ಡರ್ಬಿ ಹೇಳಿದೋರು, 2011ರಲ್ಲಿ ಡರ್ಬಿಗೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ ನನ್ನ ಕೈಲಾಗಲ್ಲ ಅಂತ ಬಿಟ್ಟುಕೊಟ್ರು, ಕಾರಣ ಟೆನ್ಷನ್ ಅಂತ ಬಾಯಿಬಿಟ್ಟೇ ಹೇಳಿದ್ರು. ಎಷ್ಟೋ ಸಾವಿರ ರೇಸ್ ಹೇಳಿದ ಮನುಷ್ಯ. ನ್ಯೂಯಾರ್ಕ್ ಟ್ರ್ಯಾಕ್‌ಗಳ ದಿನನಿತ್ಯದ ಕೆಲಸ ಮಾತ್ರ 2014ರವರೆಗೆ ಮುಂದುವರಿಸಿದ್ರು. ವ್ಯತ್ಯಾಸ ಏನಂದ್ರೆ, ಮಾಮೂಲಿ ರೇಸ್‌ನಲ್ಲಿ ತಪ್ಪಾದ್ರೆ ಸಂಜೆಗೆ ಮರೆತುಹೋಗುತ್ತೆ, ಡರ್ಬೀಲಿ ತಪ್ಪಾದ್ರೆ ಐವತ್ತು ವರ್ಷ ಆದ್ರೂ ನಮ್ಮಂಥೋರು ಕೂತು ಬರೀತೀವಿ.

ಡರ್ಕಿನ್ ಜಾಗಕ್ಕೆ ಬಂದಿದ್ದೇ ಕಾಲ್ಮಸ್. 1978ರ ಅಫರ್ಮ್‌ಡ್ ಆದ್ಮೇಲೆ ಟ್ರಿಪಲ್ ಕ್ರೌನ್ ಯಾವ ಕುದುರೆಗೂ ಸಿಕ್ಕಿರ್ಲಿಲ್ಲ. 2015ರ ಬೆಲ್ಮಾಂಟ್‌ನಲ್ಲಿ ಅಮೆರಿಕನ್ ಫೇರೋ ಗೆರೆ ಹತ್ರ ಬರ್ತಿದ್ದಂಗೆ, 37 ವರ್ಷದ ಕಾಯೋದು ಮುಗೀತು ಅಂದ್ರು ನೋಡಿ, ಇಡೀ ಸ್ಟ್ಯಾಂಡ್ ಕಿರುಚ್ತಿದ್ರೂ ಒಂದೊಂದು ಪದ ಸ್ಪಷ್ಟ. ಅದೇ ಕಾಲ್ಮಸ್ 2010ರಲ್ಲಿ ನ್ಯೂಜೆರ್ಸಿಯ ಮಾನ್ಮತ್ ಪಾರ್ಕ್‌ನಲ್ಲಿ ಹೇಳಿದ ಒಂದು ಸಣ್ಣ ರೇಸ್ ಇದೆ, ಎರಡು ಕುದುರೆ ಹೆಸರು "ನನ್ನ ಹೆಂಡ್ತಿಗೆ ಎಲ್ಲಾ ಗೊತ್ತು" ಮತ್ತೆ "ಹೆಂಡ್ತಿಗೆ ಗೊತ್ತಿಲ್ಲ" ಅಂತ, ಕೊನೇಲಿ ಇವೆರಡೇ ಪೈಪೋಟಿಗೆ ಬಿದ್ವು. ಎಲ್ಲಾ ಗೊತ್ತಿರೋ ಹೆಂಡ್ತೀನೇ ಗೆದ್ದಿದ್ದು, ಬೇರೆ ಸಾಧ್ಯನಾ.

ಎರಡು ನಿಮಿಷದ ರೇಸ್‌ಗೆ ಎನ್‌ಬಿಸಿ ಸುಮಾರು ಐದು ಗಂಟೆ ಪ್ರೋಗ್ರಾಂ ಮಾಡುತ್ತೆ, ಮೈಕ್ ಟಿರಿಕೋ, ಹಳೇ ಜಾಕಿ ಜೆರ್ರಿ ಬೇಲಿ ಇವರೆಲ್ಲ ಮಾತಾಡ್ತಾನೇ ಇರ್ತಾರೆ, ಗೇಟ್ ತೆಗೆದ ಕ್ಷಣ ಎಲ್ಲರೂ ಗಪ್‌ಚುಪ್, ಮೈಕ್ ಒಬ್ಬರದ್ದೇ. ರೇಸ್ ಮುಗಿದ ತಕ್ಷಣ ಮತ್ತೆ ಇವರ ಸರದಿ. 2019ರಲ್ಲಿ ಮ್ಯಾಕ್ಸಿಮಮ್ ಸೆಕ್ಯೂರಿಟಿ ಮೊದಲು ಗೆರೆ ದಾಟ್ತು, ಆದ್ರೆ ಬೇರೆ ಕುದುರೆಗಳಿಗೆ ಅಡ್ಡ ಬಂತು ಅಂತ ತಕರಾರು, ತೀರ್ಪು ಬರೋಕೆ 22 ನಿಮಿಷ. ಅಷ್ಟೂ ಹೊತ್ತು ಒಂದೇ ತಿರುವಿನ ವಿಡಿಯೋ ಬೇರೆ ಬೇರೆ ಕಡೆಯಿಂದ ಹಾಕಿ ಹಾಕಿ ತೋರಿಸಿ ಲೈವ್ ನಡೆಸಿದ್ರು, ಕೊನೆಗೆ 65ಕ್ಕೆ 1 ಇದ್ದ ಕಂಟ್ರಿ ಹೌಸ್‌ಗೆ ಗೆಲುವು ಕೊಟ್ರು. 2024ರಲ್ಲಿ ಮಿಸ್ಟಿಕ್ ಡ್ಯಾನ್ ಮೂತಿ ಅಂತರದಲ್ಲಿ ಗೆದ್ದಾಗಲೂ ಫೋಟೋ ಬರೋವರೆಗೆ ಯಾರೂ ಹೆಸರು ಹೇಳೋ ಹಂಗಿರ್ಲಿಲ್ಲ. ಮೂರು ಕುದುರೆ ಒಂದೇ ಗೆರೇಲಿ, ಅಂಥ ಕಡೆ ಬಾಯಿ ಮುಚ್ಕೊಂಡಿರೋದೂ ಈ ಕೆಲಸದ ಭಾಗಾನೇ.

ಲೈವ್ ನೋಡ್ಬೇಕು ಅಂದ್ರೆ ನಮ್ಮಲ್ಲಿ ಭಾನುವಾರ ಬೆಳಗಿನ ಜಾವ ಏಳ್ಬೇಕು, ಅಲ್ಲಿ ಶನಿವಾರ ಸಂಜೆ 6:57 ಅಂದ್ರೆ ಇಲ್ಲಿ 4:27. ಕುದುರೆಗಳು ಮೆರವಣಿಗೆ ಬರುವಾಗ 20ರ ತಂಟೆಗೆ ಹೋಗ್ದೆ ನಾಲ್ಕೇ ನಾಲ್ಕು ಅಂಗಿ ಬಣ್ಣ ಗುರುತು ಹಾಕ್ಕೊಳ್ಳಿ, ಗೇಟ್ ತೆಗೆದ ಮೇಲೆ ಸೌಂಡ್ ಆಫ್ ಮಾಡಿ ಆ ನಾಲ್ಕನ್ನ ಕೊನೇ ತಿರುವಿನವರೆಗೂ ಹುಡುಕೋಕಾಗುತ್ತಾ ನೋಡಿ. ಅದಕ್ಕೂ ಮುಂಚೆ ಪ್ರಾಕ್ಟೀಸ್ ಬೇಕಂದ್ರೆ 2022ರ ರೇಸ್‌ನ ಮೇಲಿಂದ ತೆಗೆದಿರೋ ವಿಡಿಯೋ ಸಿಗುತ್ತೆ, ರಿಚ್ ಸ್ಟ್ರೈಕ್ ಹಿಂದಿನಿಂದ ಯಾವ ಸಂದೀಲಿ ನುಗ್ಗಿ ಬಂತು ಅಂತ ಅದರಲ್ಲಿ ಪೂರ್ತಿ ಕಾಣುತ್ತೆ.