ಫೋಟೊ ಇರುವಾಗ ನೋಡಿ ಬರೆಯುವ ಅಭ್ಯಾಸ ಏಕೆ ಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ನೌಕರಿಯ ಜೊತೆಗೆ ಬಿಡುವಿನ ವೇಳೆಯಲ್ಲಿ ಮರಗೆಲಸ ಕಲಿಯುತ್ತಿದ್ದೇನೆ. ಮುಂದೆ ಮನೆಬಳಕೆಯ ವಸ್ತುಗಳನ್ನು ವಿನ್ಯಾಸ ಮಾಡುವ ಆಸೆಯಿದೆ. ವಸ್ತುಗಳನ್ನು ಎದುರಿಗಿಟ್ಟುಕೊಂಡು ಚಿತ್ರ ಬರೆಯುವುದನ್ನು ಮೊದಲು ರೂಢಿಸಿಕೊಳ್ಳಬೇಕೆಂದು ಕಲಿಸುವವರು ಹೇಳುತ್ತಾರೆ. ಶಾಲೆಯಲ್ಲಿಯೇ ನನಗೆ ಚಿತ್ರಕಲೆ ಒಲಿದಿರಲಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ಸಾಲದೆ? ಬರೆಯಲೇಬೇಕೆಂದರೆ ಎಲ್ಲಿಂದ ಆರಂಭಿಸಲಿ?

ಉತ್ತರ: ಫೋಟೊ ಸಾಲದು. ವಿನ್ಯಾಸಕ್ಕೂ ಕೈಕೆಲಸಕ್ಕೂ ಬೇಕಾದ ಚಿತ್ರವನ್ನು ಯಾರೂ ಗೋಡೆಗೆ ತೂಗುಹಾಕಲೆಂದು ಬರೆಯುವುದಿಲ್ಲ. ವಸ್ತುವೊಂದು ಹೇಗೆ ನಿಂತಿದೆ, ಯಾವ ಭಾಗ ಯಾವುದಕ್ಕೆ ಕೂಡಿಕೊಂಡಿದೆ, ಎಲ್ಲಿ ದಪ್ಪವಾಗಿದೆ, ಎಲ್ಲಿ ತೆಳ್ಳಗಾಗಿದೆ ಎಂಬುದನ್ನು ತಿಳಿದುಕೊಳ್ಳಲು ಬರೆಯುತ್ತಾರೆ. ಆ ಹಾಳೆಯೊಂದನ್ನೇ ಮುಂದಿಟ್ಟುಕೊಂಡು ವಸ್ತುವನ್ನು ಮತ್ತೆ ತಯಾರಿಸಲು ಸಾಧ್ಯವಾದರೆ, ಗೆರೆ ನಡುಗಿದ್ದರೂ ಅದು ಒಳ್ಳೆಯ ಚಿತ್ರವೇ. ಆದ್ದರಿಂದ ಶಾಲೆಯ ಚಿತ್ರಕಲಾ ತರಗತಿಯ ಅಂಕಗಳನ್ನು ನೀವು ಇಲ್ಲಿಗೆ ಹೊತ್ತು ತರಬೇಕಾಗಿಲ್ಲ.

ಫೋಟೊದ ಮಿತಿ ಎರಡು ಬಗೆಯದು. ಮೊಬೈಲನ್ನು ವಸ್ತುವಿಗೆ ತೀರ ಹತ್ತಿರ ಹಿಡಿದಾಗ ಮುಂದಿನ ಭಾಗ ದೊಡ್ಡದಾಗಿಯೂ ಹಿಂದಿನದು ಚಿಕ್ಕದಾಗಿಯೂ ಕಾಣುವುದರಿಂದ, ಅದರಿಂದ ಅಳತೆ ತೆಗೆಯಲು ಹೋದರೆ ಅನುಪಾತ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀವು ಗಮನಿಸದ ವಿವರವೂ ಫೋಟೊದಲ್ಲಿ ತಾನಾಗಿಯೇ ಬಂದು ಕುಳಿತಿರುತ್ತದೆ; ಬರೆಯುವಾಗ ಮಾತ್ರ, ನೋಡದೆ ಇದ್ದದ್ದು ಹಾಳೆಗೆ ಬರುವುದೇ ಇಲ್ಲ. ಎಲ್ಲಿ ನಿಮ್ಮ ಪೆನ್ಸಿಲ್ ಮುಂದೆ ಹೋಗಲಾರದೆ ನಿಲ್ಲುತ್ತದೆಯೋ ಅಲ್ಲಿಯವರೆಗೆ ಮಾತ್ರ ನಿಮಗೆ ಆ ವಸ್ತು ಅರ್ಥವಾಗಿದೆ ಎಂದು ತಿಳಿಯಬಹುದು.

ಆರಂಭಕ್ಕೆ ಮನೆಯಲ್ಲಿರುವ ಸ್ಟೀಲ್ ಚೊಂಬೊಂದು ಸಾಕು. ಅದನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕುಳಿತು ನೋಡಿ. ಬಾಯಿ ದುಂಡಗಿದೆ ಎಂದು ನಮಗೆ ಗೊತ್ತು, ಆದರೆ ಕಣ್ಣಿಗೆ ಕಾಣುವುದು ಅಡ್ಡಲಾಗಿ ಹಿಗ್ಗಿ ಮೇಲೆ ಕೆಳಗೆ ಕುಗ್ಗಿದ ಒಂದು ದೀರ್ಘವೃತ್ತ. ಹೊಸಬರು ಆ ಬಾಯಿಯನ್ನು ಹೇಗೋ ಬರೆದು, ತಳಕ್ಕೆ ಬಂದಾಗ ನೇರವಾದ ಗೆರೆಯೊಂದನ್ನು ಎಳೆದುಬಿಡುತ್ತಾರೆ. ಚೊಂಬು ಸಮತಟ್ಟಾದ ಮೇಜಿನ ಮೇಲೆ ಕುಳಿತಿದೆ ಎಂಬ ತಿಳಿವಳಿಕೆ ಅವರ ಕಣ್ಣನ್ನು ಕಟ್ಟಿರುತ್ತದೆ. ವಾಸ್ತವದಲ್ಲಿ ತಳವು ಕಣ್ಣಿನ ಮಟ್ಟದಿಂದ ಬಾಯಿಗಿಂತಲೂ ಹೆಚ್ಚು ಕೆಳಗಿರುವುದರಿಂದ, ಅದರ ಬಾಗು ಬಾಯಿಯ ಬಾಗಿಗಿಂತ ಹೆಚ್ಚು ದುಂಡಗಿರಬೇಕು. ಅದೇ ಚೊಂಬನ್ನು ನೆಲದ ಮೇಲಿಟ್ಟು ನಿಂತು ನೋಡಿದರೆ ಎರಡೂ ಬಾಗುಗಳು ಮತ್ತಷ್ಟು ದುಂಡಗಾಗುತ್ತವೆ. ಬಾಯಿಯ ಅಂಚು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತಿಟ್ಟರೆ ಆ ದೀರ್ಘವೃತ್ತ ಒಂದೇ ಗೆರೆಯಾಗಿ ಮಡಿಚಿಕೊಳ್ಳುತ್ತದೆ. ಈ ಮೂರು ನೋಟಗಳನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಬರೆಯಿರಿ. ದುಂಡನೆಯ ಯಾವ ವಸ್ತುವನ್ನು ಮುಂದೆ ವಿನ್ಯಾಸ ಮಾಡಿದರೂ ಈ ಪಾಠ ಕೆಲಸಕ್ಕೆ ಬರುತ್ತದೆ.

ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತವನ್ನು ಕಣ್ಣಂದಾಜಿಗೆ ಬಿಡಬೇಡಿ. ಮೊಣಕೈ ಮಡಿಸದೆ ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯನ್ನು ಚೊಂಬಿನ ಹೊಟ್ಟೆಯ ಒಂದು ಬದಿಗೆ ಸರಿಹೊಂದಿಸಿ, ಇನ್ನೊಂದು ಬದಿ ಬರುವಲ್ಲಿ ಹೆಬ್ಬೆರಳಿನಿಂದ ಗುರುತು ಹಿಡಿಯಿರಿ. ಅದೇ ಅಳತೆಯನ್ನು ಲಂಬವಾಗಿ ತಿರುಗಿಸಿದರೆ ಎತ್ತರವು ಅಗಲದ ಎಷ್ಟು ಪಾಲು ಎಂಬುದು ತಿಳಿಯುತ್ತದೆ. ಮೊಣಕೈ ಸ್ವಲ್ಪ ಮಡಿಚಿದರೂ ಪೆನ್ಸಿಲಿಗೂ ಕಣ್ಣಿಗೂ ಇರುವ ದೂರ ಬದಲಾಗಿ ಲೆಕ್ಕ ಕೆಡುತ್ತದೆ.

ಮರಗೆಲಸದವರಾದ ನಿಮಗೆ ಇದಕ್ಕಿಂತಲೂ ಉಪಯುಕ್ತವಾದುದು ಖಾಲಿ ಜಾಗವನ್ನು ಬರೆಯುವ ಅಭ್ಯಾಸ. ಸ್ಟೂಲೊಂದರ ಕಾಲುಗಳನ್ನು ಬರೆಯುವ ಬದಲು ಕಾಲುಗಳ ನಡುವೆ ಕಾಣುವ ಹಿಂದಿನ ಗೋಡೆಯ ತುಂಡುಗಳನ್ನು ಮಾತ್ರ ಬರೆಯಿರಿ. ಕಾಲು ನೆಟ್ಟಗಿದೆಯೆಂದು ಮನಸ್ಸು ಹೇಳುತ್ತಿದ್ದರೂ ಆ ಖಾಲಿ ಆಕೃತಿ ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿರುವುದು ಕಂಡಾಗ, ಕಾಲುಗಳನ್ನು ಎಷ್ಟು ಓರೆಯಾಗಿ ಕೂರಿಸಲಾಗಿದೆ ಎಂಬುದು ಸ್ಪಷ್ಟವಾಗುತ್ತದೆ. ಲೋಟ, ಜಗ್‌ಗಳ ಹಿಡಿಕೆಯ ಒಳಗಿನ ಜಾಗವನ್ನು ಹೀಗೆ ಬರೆದವರಿಗೆ ಅದರಲ್ಲಿ ಎಷ್ಟು ಬೆರಳು ಹಿಡಿಸುತ್ತವೆ ಎಂಬ ವಿಚಾರವೂ ಜೊತೆಯಲ್ಲಿಯೇ ಹೊಳೆಯುತ್ತದೆ.

ಕಣ್ಣು ಪಳಗಿದ ಮೇಲೆ ಹೆಣೆದ ವಸ್ತುಗಳಿಗೆ ಹೋಗಿ. ಗೌರಿ ಹಬ್ಬ ಹತ್ತಿರವಾದಾಗ ಗಾಂಧಿ ಬಜಾರಿನಲ್ಲಿ ಬಾಗಿನದ ಬಿದಿರಿನ ಮೊರಗಳು ಮಾರಾಟಕ್ಕೆ ಬರುತ್ತವೆ. ಚಿಕ್ಕದೊಂದನ್ನು ಕೊಂಡು ತನ್ನಿ. ಇಡೀ ಮೊರವನ್ನು ಬರೆಯುವ ಆತುರ ಬೇಡ. ಒಂದು ಮೂಲೆಯನ್ನು ಆರಿಸಿಕೊಂಡು, ಒಂದು ಬಿದಿರಿನ ಸೀಳು ಎಷ್ಟು ಸೀಳುಗಳ ಮೇಲೆ ಹಾದು ಎಷ್ಟರ ಕೆಳಗೆ ಇಳಿಯುತ್ತದೆ, ಅಂಚಿಗೆ ಬಂದು ಎಲ್ಲಿ ಮಾಯವಾಗುತ್ತದೆ, ಅಂಚಿನ ಪಟ್ಟಿಯನ್ನು ಯಾವುದರಿಂದ ಬಿಗಿದಿದ್ದಾರೆ ಎಂಬುದನ್ನು ಎರಡು ಪಟ್ಟು ದೊಡ್ಡದಾಗಿ ಬರೆಯಿರಿ. ನೆರಳು ತುಂಬಲು ಹೋಗಬೇಡಿ. ಈ ಹಂತದಲ್ಲಿ ನೆರಳು ಅರಿಯದ್ದನ್ನು ಮುಚ್ಚಿಡುತ್ತದೆ. ಪಕ್ಕದಲ್ಲಿ ಸ್ಕೇಲಿನಿಂದ ತೆಗೆದ ಅಳತೆ, ಬೆರಳಿಗೆ ಸಿಕ್ಕಿದ ದಪ್ಪ, ತೂಕದ ಅನುಭವ, ಇವನ್ನು ಮಾತಿನಲ್ಲಿಯೇ ಬರೆದಿಡಿ. ಮರುದಿನ ಮೊರವನ್ನು ಒಳಗಿಟ್ಟು, ಅದೇ ಮೂಲೆಯನ್ನು ನೆನಪಿನಿಂದ ಬರೆದು, ಬಳಿಕ ಕಾಗದದ ಪಟ್ಟಿಗಳಿಂದ ಹೆಣೆದು ನೋಡಿ. ಹೆಣಿಗೆ ತಪ್ಪಿದ ಜಾಗವೇ ನೀವು ನೋಡದೆ ಬಿಟ್ಟ ಜಾಗ.

ಸಾಮಗ್ರಿಗೆ ಹೆಚ್ಚು ಖರ್ಚು ಬೇಡ. ಎಚ್‌ಬಿ ಮತ್ತು 2ಬಿ ಪೆನ್ಸಿಲ್, ಗೆರೆಯಿಲ್ಲದ ಪುಸ್ತಕ ಇದ್ದರಾಯಿತು. ರಬ್ಬರನ್ನು ಮೊದಲ ಕೆಲವು ತಿಂಗಳು ದೂರವಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತಪ್ಪಿದ ಗೆರೆ ಹಾಗೆಯೇ ಇದ್ದರೆ ಸರಿಯಾದುದನ್ನು ಎಷ್ಟು ಸರಿಸಿ ಎಳೆಯಬೇಕೆಂಬುದು ಅದರಿಂದಲೇ ತಿಳಿಯುತ್ತದೆ. ಭಾನುವಾರ ಮೂರು ಗಂಟೆ ಕುಳಿತುಕೊಳ್ಳುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಬರೆಯುವುದು ಲೇಸು. ಹೊರಗೆ ಕುಳಿತು ಬರೆಯುವ ಮನಸ್ಸಾದರೆ ಲಾಲ್‌ಬಾಗ್ ಇದೆ. ಅಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಯ ಮುಂದೆ ಕುಳಿತವರು ಇಡೀ ಕಟ್ಟಡಕ್ಕೆ ಕೈಹಾಕದೆ, ಕಂಬವೊಂದು ಕಮಾನನ್ನು ಸೇರುವ ಜಾಗವನ್ನಷ್ಟೇ ಬರೆದರೆ ಕಬ್ಬಿಣದ ಕೆಲಸದಲ್ಲಿ ಭಾರ ಹೇಗೆ ಇಳಿಯುತ್ತದೆ ಎಂಬುದು ಅರ್ಥವಾಗುತ್ತದೆ.

ಕಡೆಯದಾಗಿ, ನಿಮ್ಮ ಕಸುಬಿಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯ. ಚನ್ನಪಟ್ಟಣದ ಬೊಂಬೆಗಳಂತೆ ಕಡೆತದ ಯಂತ್ರದಲ್ಲಿ ತಿರುಗಿಸಿ ಮಾಡುವ ವಸ್ತುಗಳಿಗೆ ನಡುವೆ ಒಂದು ಅಕ್ಷವಿರುತ್ತದೆ. ಆ ಅಕ್ಷದ ಗೆರೆಯನ್ನು ಮೊದಲು ಎಳೆದುಕೊಂಡು, ಒಂದು ಬದಿಯ ಹೊರಗೆರೆಯನ್ನು ಮಾತ್ರ ಎಚ್ಚರಿಕೆಯಿಂದ ನೋಡಿ ಬರೆದರೆ ಸಾಕು. ಇನ್ನೊಂದು ಬದಿಯನ್ನು ಯಂತ್ರವೇ ಪೂರೈಸುತ್ತದೆ. ಅರ್ಧ ಗೆರೆಯಲ್ಲಿ ಉಬ್ಬು ಎಲ್ಲಿ ಮುಗಿದು ತಗ್ಗು ಎಲ್ಲಿ ಶುರುವಾಗುತ್ತದೆ ಎಂಬುದು ಖಚಿತವಾಗಿರಬೇಕು, ಏಕೆಂದರೆ ಉಳಿಯನ್ನು ಒತ್ತುವವರಿಗೆ ಬೇಕಾಗಿರುವುದು ಅದೇ. ಅಂಥ ಹಾಳೆಯೊಂದನ್ನು ನಿಮಗೆ ಕಲಿಸುವವರ ಕೈಗೆ ಕೊಟ್ಟು, ವಸ್ತುವನ್ನು ತೋರಿಸದೆ, ಇದರಿಂದ ಕಡೆಯಲು ಸಾಧ್ಯವೇ ಎಂದು ಕೇಳಿ. ಅವರು ಕೇಳುವ ಪ್ರಶ್ನೆಗಳನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡು, ಅದೇ ವಸ್ತುವಿನ ಮುಂದೆ ಮತ್ತೊಮ್ಮೆ ಕುಳಿತುಕೊಳ್ಳಿ.