ಜಮೀನಿಲ್ಲದವರು ಬಿಎಸ್ಸಿ ಅಗ್ರಿ ಓದಬಹುದಾ?

ಪ್ರಶ್ನೆ: ನಾವು ಮೈಸೂರಿನವರು. ಒಂದು ಗುಂಟೆ ಜಮೀನೂ ಇಲ್ಲ. ಮಗಳಿಗೆ ಬಿಎಸ್ಸಿ ಅಗ್ರಿ ಓದುವ ಆಸೆ. ಸೀಟು ಸಿಗುತ್ತಾ? ಅವಳಿಗೆ ಓದೋಕೆ ಆಗುತ್ತಾ?

ಸಿಗುತ್ತದೆ, ಆಗುತ್ತದೆ. ಸಿಇಟಿ ಫಲಿತಾಂಶ ಬಂದ ವಾರ ಪ್ರತಿ ವರ್ಷವೂ ಇದನ್ನೇ ಹೇಳುತ್ತೇನೆ. ಜಮೀನಿನ ವಿಚಾರ ಬರುವುದು ಕೃಷಿಕರ ಕೋಟಾಕ್ಕೆ ಮಾತ್ರ. ಉಳಿದ ಸೀಟುಗಳಿಗೆ ಪಹಣಿ ಯಾರೂ ಕೇಳುವುದಿಲ್ಲ. ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಬಯಾಲಜಿ ಓದಿರಬೇಕು. ಕೋರ್ಸು 4 ವರ್ಷ, 8 ಸೆಮಿಸ್ಟರ್. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ, ನಾಲ್ಕೂ ಕಡೆ ವಿಶ್ವವಿದ್ಯಾಲಯಗಳಿವೆ.

ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಮಾತು ಅಡಗಿರುತ್ತದೆ. "ಉಳೋಕೆ ಡಿಗ್ರಿ ಯಾಕೆ? ಹೊಲ ಇದ್ದವರಿಗೆ ಅದು ತಾನಾಗೇ ಬರುತ್ತೆ, ಇಲ್ಲದವರಿಗೆ ಎಷ್ಟು ಓದಿದ್ರೂ ಬರಲ್ಲ." ಇದನ್ನು ಕೇಳಿ ಕೇಳಿ ಸಾಕಾಗಿದೆ. ಕಾಲೇಜಿನಲ್ಲಿ ಕಲಿಸುವುದು ಉಳುಮೆಯನ್ನಲ್ಲ. ಮಣ್ಣು, ಕೀಟ, ರೋಗ, ತಳಿ, ಮಾರುಕಟ್ಟೆ, ಇವೆಲ್ಲ ಒಂದೊಂದೂ ಬೇರೆ ಬೇರೆ ವಿಷಯ.

ಎಲೆ ಹಳದಿಯಾಗಿದೆ ಅನ್ನಿ. ತಕ್ಷಣ ಯೂರಿಯಾ ಎರಚುವವರೇ ಜಾಸ್ತಿ. ಹಳದಿ ಯಾವ ಎಲೆಯಿಂದ ಶುರುವಾಯಿತು ಅಂತ ನೋಡಬೇಕು. ಸಾರಜನಕ ಕಡಿಮೆಯಾದರೆ ಗಿಡ ಹಳೆ ಎಲೆಯಲ್ಲಿರುವುದನ್ನು ಎಳೆದು ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಹಾಗೆ ಸುಲಭವಾಗಿ ಸಾಗುವುದಿಲ್ಲ. ಅದು ಕಡಿಮೆಯಾದರೆ ಚಿಗುರೇ ಮೊದಲು ಬಿಳಚುತ್ತದೆ, ನರ ಮಾತ್ರ ಹಸಿರು. ಅಲ್ಲಿ ಯೂರಿಯಾ ಹಾಕಿದರೆ ಸುಮ್ನೆ ದುಡ್ಡು ದಂಡ, ಅಲ್ವಾ? ಇದು ಸಲೀಸಾಗಿ ನೇಗಿಲು ಹಿಡಿಯುವ ಹುಡುಗನಿಗೂ ಹೊಸ ಪಾಠವೇ.

ನಿಮ್ಮ ಪಕ್ಕದ ಮಂಡ್ಯದಲ್ಲಿರುವ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಕಥೆ ಕೇಳಿ. ರಾಗಿಯ ಹೂವು ತೀರಾ ಸಣ್ಣದು. ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಬೇರೆ ತಳಿಯ ಜೊತೆ ಕೂಡಿಸುವುದು ಬಹಳ ಕಷ್ಟ. ಅಂಥದ್ದರಲ್ಲಿ ಅಲ್ಲಿನ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಹೊಸ ತಳಿಗಳ ಹೆಸರು 'ಇಂಡಾಫ್' ಆಯಿತು. ಎಷ್ಟೋ ಹೊಲಗಳಲ್ಲಿ ಇಳುವರಿ ಏರಿತು. ಇದನ್ನು ಪಾಠ ಮಾಡುವಾಗ ನನಗೆ ಪ್ರತಿ ಸಲವೂ ಹೆಮ್ಮೆಯಾಗುತ್ತದೆ. ಇಂಥ ಕೆಲಸಕ್ಕೆ ಬೇಕಾದದ್ದು ತಾಳ್ಮೆ ಮತ್ತು ಓದು. ಮನೆಯಲ್ಲಿ ಎಷ್ಟು ಎಕರೆ ಇದೆ ಅನ್ನುವುದಲ್ಲ.

ಪೇಟೆಯ ಮಕ್ಕಳಿಗೆ ಕಷ್ಟವೇ ಇಲ್ಲ ಅನ್ನುವುದಿಲ್ಲ. ಪ್ರಾಕ್ಟಿಕಲ್‌ಗೆ ತಾಕು ಕೊಡುತ್ತಾರೆ. ತಾವೇ ಬಿತ್ತಬೇಕು, ಕಳೆ ತೆಗೆಯಬೇಕು, ಕೊಯ್ಯಬೇಕು. ಮೊದಲು ಅಂಗೈಯಲ್ಲಿ ಬೊಬ್ಬೆ ಬರುತ್ತದೆ. ಹಳ್ಳಿಯ ಸಹಪಾಠಿಗಳು ಹೇಳಿಕೊಡುತ್ತಾರೆ. ಬಯೋಕೆಮಿಸ್ಟ್ರಿ ಪರೀಕ್ಷೆಯ ಹಿಂದಿನ ರಾತ್ರಿ ಇವರು ಅವರಿಗೆ ಹೇಳಿಕೊಡುತ್ತಾರೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕೊನೆಯ ವರ್ಷ ಮಕ್ಕಳು ಕೆಲವು ತಿಂಗಳು ಹಳ್ಳಿಯಲ್ಲೇ ಉಳಿಯಬೇಕು. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹೆಸರು, ಬಾಯಲ್ಲಿ ಬರುವುದು ಅದರ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ 'ರಾವೆ'. ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ಕೆರೆ, ಗುಡಿ, ಹೊಲ ಎಲ್ಲಾ ಬರಬೇಕು. ಬೀಜೋಪಚಾರ, ಅಂದರೆ ಬಿತ್ತುವ ಮೊದಲು ಬೀಜಕ್ಕೆ ಔಷಧಿ ಲೇಪಿಸುವುದನ್ನು ಮಾಡಿ ತೋರಿಸುತ್ತಾರೆ. ಅಪ್ಪ ಅಮ್ಮಂದಿರು ಹಾಸ್ಟೆಲ್ ಊಟದ ಬಗ್ಗೆ ಕೇಳುತ್ತಾರೆ, ಇದರ ಬಗ್ಗೆ ಕೇಳುವುದೇ ಇಲ್ಲ. ಪೇಟೆಯ ಮಕ್ಕಳು ಎಡವುವುದು ಇಲ್ಲೇ. ಹೋದ ದಿನವೇ ರೈತರಿಗೆ ಸಲಹೆ ಕೊಡಲು ಶುರು ಮಾಡುತ್ತಾರೆ. ನಿಮ್ಮ ಮಗಳಿಗೆ ಈಗಲೇ ಹೇಳಿಡಿ. ಮೊದಲ ವಾರ ಜಗಲಿಯಲ್ಲಿ ಕೂತು ಕೇಳಲಿ. "ಅಜ್ಜಿ, ಈ ಬೀಜ ಎಲ್ಲಿಂದ ತಂದ್ರಿ? ಹೋದ ವರ್ಷ ಏನು ಹಾಕಿದ್ರಿ?" ನೋಟ್‌ಬುಕ್ ಆಮೇಲೆ ತೆಗೆಯಲಿ.