ಬೀಪ್ ಬಂತು, ದೀಪ ಮಾತ್ರ ಹತ್ತಲಿಲ್ಲ: ಲೂಸ್ ಕಾಂಟ್ಯಾಕ್ಟ್ ಹುಡುಕುವ ಟಿಪ್ಪಣಿ

ಬೈಕ್ ಗುಂಡಿಗೆ ಬಿದ್ದಾಗ ಹೆಡ್‌ಲೈಟ್ ಆರುತ್ತದೆ, ಮುಂದಿನ ಗುಂಡಿಯಲ್ಲಿ ಮತ್ತೆ ಹತ್ತುತ್ತದೆ. ಬಲ್ಬ್, ಫ್ಯೂಸ್ ಎರಡೂ ಸರಿ ಇವೆ ಎಂದಿಟ್ಟುಕೊಳ್ಳಿ.

ಎಡವುವ ಜಾಗ

ಕಪ್ಲರ್ (ಎರಡು ವೈರುಗಳನ್ನು ಜೋಡಿಸುವ ಪ್ಲಗ್) ಬಿಚ್ಚಿ, ವೈರಿನ ಎರಡು ತುದಿಗೆ ಮಲ್ಟಿಮೀಟರನ್ನು ಕಂಟಿನ್ಯೂಟಿಯಲ್ಲಿ (ದಾರಿ ತುಂಡಾಗಿಲ್ಲವೆಂದು ಬೀಪ್ ಮಾಡುವ ಸೆಟ್ಟಿಂಗ್) ಹಿಡಿದರೆ ಬೀಪ್ ಬರುತ್ತದೆ, ವೈರ್ ಸರಿ ಇದೆ ಅನ್ನಿಸುತ್ತದೆ. ಆದರೆ ಆ ಬೀಪ್‌ಗೆ ಮೀಟರ್ ಹರಿಸುವುದು ಒಂದೆರಡು ಮಿಲಿಆಂಪಿಯರ್ ಅಷ್ಟೇ. 35 ವ್ಯಾಟ್ ಬಲ್ಬಿಗೆ ಬೇಕಾದದ್ದು ಸುಮಾರು 3 ಆಂಪಿಯರ್. ಕಿಲುಬು ಹಿಡಿದ ಪಿನ್ನಿನಲ್ಲಿ ಅರ್ಧ ಓಮ್ ತಡೆ ಇದ್ದರೂ ಬೀಪ್ ನಿಲ್ಲುವುದಿಲ್ಲ. ದೀಪ ಹಚ್ಚಿದರೆ ಮಾತ್ರ ಅಲ್ಲೇ 1.3 ವೋಲ್ಟ್ ಸೋರಿಹೋಗುತ್ತದೆ. ಬಲ್ಬ್ ಕಳಚಿ ಹೋಲ್ಡರಿನಲ್ಲಿ ಅಳೆದರೂ ಅದೇ ಮೋಸ: ಬ್ಯಾಟರಿಯ 12.6 ವೋಲ್ಟ್ ಪೂರ್ತಿ ಸಿಗುತ್ತದೆ. ಕರೆಂಟೇ ಹರಿಯದಿದ್ದರೆ ವೋಲ್ಟೇಜ್ ಬೀಳುವುದಾದರೂ ಹೇಗೆ?

ಹಾಗಾಗಿ ಕಪ್ಲರ್ ಬಿಚ್ಚದೆ, ದೀಪ ಉರಿಯುವಾಗಲೇ ಅಳೆಯಿರಿ. ಮೀಟರ್ ಡಿಸಿ 20 ವೋಲ್ಟಿಗೆ. ಕೆಂಪು ಪ್ರೋಬ್ (ಮೀಟರಿನ ಅಳೆಯುವ ಕಡ್ಡಿ) ಬ್ಯಾಟರಿ ಪ್ಲಸ್ಸಿಗೆ, ಕಪ್ಪು ಬಲ್ಬಿನ ಪ್ಲಸ್ಸಿಗೆ. ಕಾಣುವ ಅಂಕಿ ದಾರಿಯಲ್ಲಿ ಸೋರಿದ್ದು. 0.5 ವೋಲ್ಟಿನ ಒಳಗಿದ್ದರೆ ಬಿಡಿ. ಜಾಸ್ತಿ ಇದ್ದರೆ ಕಪ್ಪು ಪ್ರೋಬನ್ನು ಡಿಪ್ಪರ್ ಸ್ವಿಚ್ (ಹೈ-ಲೋ ಬೀಮ್ ಬದಲಿಸುವುದು), ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಹಾಯಿಸುವ ಸ್ವಿಚ್), ಫ್ಯೂಸ್ ಹೀಗೆ ಒಂದೊಂದೇ ಕಪ್ಲರ್ ಹಿಂದಕ್ಕೆ ತನ್ನಿ. ಅಂಕಿ ದಿಢೀರನೆ ಇಳಿದರೆ, ಆ ಕಪ್ಲರಿಗೂ ಅದರ ಮುಂಚೆ ಅಳೆದದ್ದಕ್ಕೂ ನಡುವೆಯೇ ದೋಷ. ಅರ್ಥಿಂಗ್ ಕಡೆ, ಬಲ್ಬಿನ ಮೈನಸ್ಸಿನಿಂದ ಬ್ಯಾಟರಿ ಮೈನಸ್ಸಿಗೆ, 0.2 ದಾಟಬಾರದು. (ಕಾಯಿಲಿನಿಂದ ನೇರ ಎಸಿ ಬರುವ ಹಳೇ ಹೆಡ್‌ಲೈಟಿಗೆ ಈ ವಿಧಾನ ನಡೆಯದು.)

ಅಲ್ಲಾಡಿಸಿ ನೋಡುವುದು

ಪ್ರೋಬ್ ಅಲ್ಲೇ ಇರಲಿ, ಹ್ಯಾಂಡಲನ್ನು ಎಡದಿಂದ ಬಲಕ್ಕೆ ಪೂರ್ತಿ ತಿರುಗಿಸಿ. ವೈರ್ ಹೆಚ್ಚಾಗಿ ತುಂಡಾಗುವುದು ಹ್ಯಾಂಡಲ್ ಕುತ್ತಿಗೆಯ ಹತ್ತಿರ. ಕಾರಾದರೆ ಬಾಗಿಲ ಕೀಲಿನ ರಬ್ಬರ್ ಕೊಳವೆಯೊಳಗೆ. ಕ್ಷಣಮಾತ್ರದ ಕಡಿತಕ್ಕೆ ಮೀಟರಿನ ಅಂಕಿ ಬದಲಾಗದೇ ಇರಬಹುದು, ಅತಿ ಹೆಚ್ಚಿನ ಅಂಕಿ ಹಿಡಿದಿಡುವ ಮ್ಯಾಕ್ಸ್ ಬಟನ್ ಇದ್ದರೆ ಮೊದಲೇ ಒತ್ತಿರಿ. ಹೊರಗಿನ ಸಿಪ್ಪೆ ಚೆನ್ನಾಗಿದ್ದೂ ಒಳಗೆ ಎಳೆ ತುಂಡಾಗಿದ್ದರೆ, ಮೆಲ್ಲಗೆ ಎಳೆದಾಗ ಆ ಜಾಗವೊಂದೇ ರಬ್ಬರಿನಂತೆ ಉದ್ದವಾಗುತ್ತದೆ.

ದಪ್ಪ ಪ್ರೋಬನ್ನು ಕಪ್ಲರಿನ ಹೆಣ್ಣು ಪಿನ್ನಿನೊಳಗೆ (ತೂತಿರುವ ಪಿನ್) ತುರುಕಬೇಡಿ, ಬಾಯಿ ಅಗಲವಾಗಿ ಹೊಸ ಲೂಸ್ ಕಾಂಟ್ಯಾಕ್ಟ್ ಹುಟ್ಟುತ್ತದೆ. ಕಪ್ಲರಿನ ಹಿಂದಿನಿಂದ ವೈರಿನ ಪಕ್ಕಕ್ಕೆ ಗುಂಡುಸೂಜಿ ತೂರಿಸಿ ಅಳೆಯಿರಿ. ಅದೇ ಅಳತೆಯ ಗಂಡು ಪಿನ್ ಹಾಕಿ ಎಳೆದಾಗ ಹಿಡಿತ ಗೊತ್ತಾಗಬೇಕು. ಜಾರಿ ಬಂದರೆ ಪಿನ್ ಬದಲಿಸಿ.

ಆಗಾಗ ಫ್ಯೂಸ್ ಹೋಗುತ್ತಿದ್ದರೆ

ದೊಡ್ಡ ಫ್ಯೂಸ್ ಹಾಕಬೇಡಿ. ಫ್ಯೂಸಿನ ಜಾಗಕ್ಕೆ 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಎರಡು ವೈರಿನಲ್ಲಿ ಜೋಡಿಸಿ, ಆ ಲೈನಿನ ದೀಪ, ಹಾರ್ನ್ ಎಲ್ಲ ಕಳಚಿ, ವೈರಿಂಗ್ ಅಲ್ಲಾಡಿಸುತ್ತಾ ಹೋಗಿ. ಶಾರ್ಟ್ ಆದಾಗ ಬಲ್ಬ್ ಪೂರ್ತಿ ಬೆಳಗುತ್ತದೆ, ಹರಿಯುವುದು 1.75 ಆಂಪಿಯರ್ ಮಾತ್ರ, ವೈರ್ ಸುಡುವುದಿಲ್ಲ. ನಿಮ್ಮ ಕೈ ಆಗ ಎಲ್ಲಿದೆಯೋ ಅಲ್ಲೇ ಟೇಪ್ ಬಿಚ್ಚಿ.